ಮೇಲ್‌ನಲ್ಲಿರುವ ಲಿಂಕ್ ಒತ್ತಿದರೆ ಬೇಡದ ಬ್ರೌಸರ್ ಎದ್ದು ಕೂರುತ್ತದೆ (ಉಬುಂಟು 22.04, ಥಂಡರ್‌ಬರ್ಡ್)

ಸಾಗರದ_ಸುಮಾ
ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ಎರಡು ವಾರದಿಂದ ತಲೆ ತಿನ್ನುತ್ತಿದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಲಿನಕ್ಸ್ ಇದೆ. ಮೇಲ್‌ಗೆ ಥಂಡರ್‌ಬರ್ಡ್. ಬ್ರೌಸರ್ ಎರಡಿವೆ. ದಿನವಿಡೀ ಬಳಸುವುದು ಫೈರ್‌ಫಾಕ್ಸ್. ಪಾಸ್‌ವರ್ಡ್, ಬುಕ್‌ಮಾರ್ಕ್, ಜಾಹೀರಾತು ತಡೆಯುವ ಯುಬ್ಲಾಕ್ ಎಲ್ಲ ಅದರಲ್ಲೇ. ಕ್ರೋಮ್ ಕೂಡ ಇದೆ, ನಾನು ತಿಂಗಳಿಗೊಮ್ಮೆ ಮುಟ್ಟಿದರೆ ಜಾಸ್ತಿ. ಆದರೆ ಮೇಲ್‌ನಲ್ಲಿ ಲಿಂಕ್ ಒತ್ತಿದರೆ ಏಳುವುದು ಕ್ರೋಮ್! ಅಲ್ಲಿ ಯಾವುದಕ್ಕೂ ಲಾಗಿನ್ ಆಗಿಲ್ಲ. ವಿಳಾಸ ಕಾಪಿ ಮಾಡಿ, ಫೈರ್‌ಫಾಕ್ಸ್‌ಗೆ ಬಂದು ಪೇಸ್ಟ್ ಮಾಡಿ, ಕ್ರೋಮ್ ಮುಚ್ಚಿ... ದಿನಕ್ಕೆ ಹತ್ತು ಸಲ ಇದೇ ಆಯಿತು. ನನ್ನದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಎರಡು ಬ್ರೌಸರ್ ಒಟ್ಟಿಗೆ ಎದ್ದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ ಫ್ಯಾನ್ ಸದ್ದು.

ಸೆಟ್ಟಿಂಗ್ಸ್‌ನ ಡೀಫಾಲ್ಟ್ ಅಪ್ಲಿಕೇಶನ್ಸ್ ನೋಡಿದೆ. ವೆಬ್ ಎದುರು ಫೈರ್‌ಫಾಕ್ಸ್ ಅಂತಲೇ ಇದೆ. ಥಂಡರ್‌ಬರ್ಡ್ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ, ಬ್ರೌಸರ್ ಆರಿಸುವ ಜಾಗ ಸಿಗಲಿಲ್ಲ. ಇನ್ನೊಂದು ವಿಚಿತ್ರ ಅಂದರೆ, ಅಪರೂಪಕ್ಕೆ ಒಂದೆರಡು ಲಿಂಕ್ ಸರಿಯಾಗಿ ಫೈರ್‌ಫಾಕ್ಸ್‌ನಲ್ಲೇ ತೆರೆಯುತ್ತವೆ. ಏನು ಲೆಕ್ಕ ಇದು?

ಪೆಂಗ್ವಿನ್_ಪಾಪಣ್ಣ
ಕ್ರೋಮ್ ತೆಗೆದುಹಾಕಿ. ಮುಗೀತು.

ಸಾಗರದ_ಸುಮಾ
ತೆಗೆಯುವ ಹಾಗಿಲ್ಲ ಅಣ್ಣಾ. ನಮ್ಮನೆಯವರ ಆಫೀಸ್ ಮೀಟಿಂಗ್ ನಡೆಯುವುದು ಅದರಲ್ಲೇ.

ಹಳೇ_ಹುಲಿ
ಇದಕ್ಕೆಲ್ಲ ಒಂದೇ ಮದ್ದು. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ) ತೆರೆದು ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಎಕ್ಸ್-ಡಬ್ಲ್ಯುಡಬ್ಲ್ಯುಡಬ್ಲ್ಯು-ಬ್ರೌಸರ್ ಅಂತ ಹೊಡೆಯಿರಿ. ಪಟ್ಟಿ ಬರುತ್ತದೆ, ಫೈರ್‌ಫಾಕ್ಸ್ ಮುಂದಿನ ಸಂಖ್ಯೆ ಒತ್ತಿ ಎಂಟರ್ ಕೊಡಿ. ಡೆಬಿಯನ್ ಲಿನಕ್ಸ್ ಬಳಸುತ್ತಾ ಇಷ್ಟು ವರ್ಷವಾಯಿತು, ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಕಾಫಿತೋಟ
ಹುಲಿ ಸಾರ್, ಬೇಜಾರು ಮಾಡಿಕೊಳ್ಳಬೇಡಿ, ಅದು ಇಲ್ಲಿ ಕೆಲಸಕ್ಕೆ ಬರಲ್ಲ. ಅಪ್‌ಡೇಟ್-ಆಲ್ಟರ್ನೇಟಿವ್ಸ್ ಇಡೀ ಯಂತ್ರಕ್ಕೆ ಒಂದು ಬ್ರೌಸರ್ ಗುರುತು ಮಾಡಿಡುತ್ತದೆ, ಸರಿ. ಆದರೆ ಆ ಗುರುತನ್ನು ಕೇಳುವ ಪ್ರೋಗ್ರಾಂ ಬೇರೆ. ಥಂಡರ್‌ಬರ್ಡ್ ಅದನ್ನು ಕೇಳುವುದೇ ಇಲ್ಲ. ಅದು ಕೇಳುವುದು ಉಬುಂಟುವಿನ ಪರದೆ, ಮೆನು ನೋಡಿಕೊಳ್ಳುವ ಗ್ನೋಮ್‌ನ ಜಿಐಒ ಎನ್ನುವ ಲೈಬ್ರರಿಯನ್ನು. ಜಿಐಒ ನೋಡುವುದು ಬಳಕೆದಾರರ ಮನೆ ಫೋಲ್ಡರ್‌ನ .ಕಾನ್ಫಿಗ್ ಒಳಗಿರುವ ಮೈಮ್‌ಆಪ್ಸ್.ಲಿಸ್ಟ್ ಎಂಬ ಫೈಲನ್ನು. ಯಾವ ಥರದ ಲಿಂಕ್‌ಗೆ ಯಾವ ಪ್ರೋಗ್ರಾಂ ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ.

ನಿಮ್ಮದು ಕಿಟಕಿ ಮಾತ್ರ ನೋಡಿಕೊಳ್ಳುವ ಐ3 ಥರದ ಸೆಟಪ್ ಇರಬೇಕು. ಗ್ನೋಮ್, ಕೆಡಿಇ ಥರದ ಪೂರ್ತಿ ಡೆಸ್ಕ್‌ಟಾಪ್ ಯಾವುದೂ ಇಲ್ಲದಿದ್ದಾಗ ಮಾತ್ರ ನಿಮ್ಮ ಮದ್ದು ನಾಟುತ್ತದೆ.

ಹಳೇ_ಹುಲಿ
ಐ3 ನಿಜ. ಮೇಲ್ ಓದುವುದು ಟರ್ಮಿನಲ್‌ನಲ್ಲೇ ನಡೆಯುವ ಮಟ್‌ನಲ್ಲಿ. ಅದು ಇರಲಿ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಜಾಗ ಯಾಕೆ ಮಾರಾಯ? ಒಂದು ಯಂತ್ರ, ಒಂದು ಬ್ರೌಸರ್, ಒಂದು ಸೆಟ್ಟಿಂಗ್ ಸಾಲದಾ?

ಮೈಸೂರು_ಮಲ್ಲಿಗೆ88
ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಬ್ರೌಸರ್=ಫೈರ್‌ಫಾಕ್ಸ್ ಅಂತ ಸೇರಿಸಿ. ನಾನು ಹಾಗೇ ಮಾಡಿದ್ದೇನೆ.

ಕಾಫಿತೋಟ
ಮಲ್ಲಿಗೆಯವರೇ, ಅದನ್ನಂತೂ ಮಾಡಲೇಬೇಡಿ ಅಂತ ಸುಮಾ ಅವರಿಗೆ ಹೇಳುತ್ತೇನೆ. ಬ್ಯಾಶ್‌ಆರ್‌ಸಿ ಓದುವುದು ಟರ್ಮಿನಲ್. ಮೆನುವಿನಿಂದ ಥಂಡರ್‌ಬರ್ಡ್ ತೆರೆದರೆ ಅದಕ್ಕೆ ಆ ಸಾಲು ತಿಳಿಯುವುದೇ ಇಲ್ಲ. ಅದರ ಮೇಲೆ ಆ ವೇರಿಯಬಲ್ ಇದ್ದರೆ ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಕಮಾಂಡ್ ಬ್ರೌಸರ್ ಬದಲಾಯಿಸಲು ಒಪ್ಪದೆ ತಕರಾರು ತೆಗೆಯುತ್ತದೆ. ನಾನೇ ಒಮ್ಮೆ ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ. ಯಾವತ್ತೋ ಬರೆದು ಮರೆತಿದ್ದ ಒಂದು ಸಾಲಿಗೋಸ್ಕರ.

ಮೈಸೂರು_ಮಲ್ಲಿಗೆ88
ಓಹ್. ಹಾಗಾದರೆ ನನ್ನದು ಇಷ್ಟು ದಿನ ಕೆಲಸ ಮಾಡಿದ್ದು ಹೇಗೆ?

ಕಾಫಿತೋಟ
ನಿಮ್ಮ ಹತ್ತಿರ ಇರುವುದು ಒಂದೇ ಬ್ರೌಸರ್ ಅಲ್ವಾ?

ಮೈಸೂರು_ಮಲ್ಲಿಗೆ88
😐 ಹೌದು.

ಬಿಟ್ಟು_ಬೈಟು
ಸುಮಾ ಅವರೇ, ನೀವು ಕೊನೆಯಲ್ಲಿ ಬರೆದ ಸಾಲೇ ನನಗೆ ಮುಖ್ಯ ಅನಿಸುತ್ತಿದೆ. ಒಂದೆರಡು ಲಿಂಕ್ ಸರಿಯಾಗಿ ತೆರೆಯುತ್ತವೆ ಅಂದಿರಲ್ಲ, ಅಂಥದ್ದೊಂದು ಹುಡುಕಿ. ಅದರ ಮೇಲೆ ಮೌಸ್ ಇಡಿ, ಒತ್ತಬೇಡಿ. ಥಂಡರ್‌ಬರ್ಡ್ ಕಿಟಕಿಯ ಕೆಳಗೆ ಎಡಗಡೆ ಪೂರ್ತಿ ವಿಳಾಸ ಕಾಣುತ್ತದೆ. ಶುರುವಿನಲ್ಲಿ ಎಚ್‌ಟಿಟಿಪಿ ಇದೆಯಾ, ಎಚ್‌ಟಿಟಿಪಿಎಸ್ ಇದೆಯಾ ನೋಡಿ ಹೇಳಿ. ಕ್ರೋಮ್‌ಗೆ ಹೋಗುವುದರಲ್ಲಿ ಏನಿದೆ ಅಂತಲೂ ನೋಡಿ.

ಸಾಗರದ_ಸುಮಾ
ಅಯ್ಯೋ! ಸರಿಯಾಗಿ ತೆರೆಯುವುದರಲ್ಲಿ ಎಸ್ ಇಲ್ಲ. ನಮ್ಮ ಊರಿನ ಒಂದು ಸಂಘದ ಹಳೇ ವೆಬ್‌ಸೈಟ್ ಅದು. ಕ್ರೋಮ್‌ಗೆ ಹೋಗುವ ಐದು ಲಿಂಕ್ ನೋಡಿದೆ, ಐದರಲ್ಲೂ ಎಸ್ ಇದೆ.

ಬಿಟ್ಟು_ಬೈಟು
ಕಳ್ಳ ಸಿಕ್ಕ. ಲಿನಕ್ಸ್ ಲೆಕ್ಕದಲ್ಲಿ ಎಚ್‌ಟಿಟಿಪಿ ಒಂದು ಬಾಗಿಲು, ಎಚ್‌ಟಿಟಿಪಿಎಸ್ ಇನ್ನೊಂದು ಬಾಗಿಲು. ಎರಡಕ್ಕೂ ಬೇರೆ ಬೇರೆ ಕಾವಲುಗಾರರನ್ನು ಇಡಬಹುದು. ನಿಮ್ಮಲ್ಲಿ ಮೊದಲನೆಯದಕ್ಕೆ ಫೈರ್‌ಫಾಕ್ಸ್, ಎರಡನೆಯದಕ್ಕೆ ಕ್ರೋಮ್ ಕೂತಿದೆ. ಈಗ ಹೆಚ್ಚುಕಮ್ಮಿ ಎಲ್ಲ ಸೈಟೂ ಎಸ್ ಇರುವುದೇ. ಹಾಗಾಗಿ ನಿಮಗೆ ಯಾವಾಗಲೂ ಕ್ರೋಮ್ ಬಂದ ಹಾಗೆ ಅನಿಸುತ್ತದೆ. ಸೆಟ್ಟಿಂಗ್ಸ್ ಪರದೆ ಫೈರ್‌ಫಾಕ್ಸ್ ಅಂತ ತೋರಿಸುವುದಕ್ಕೂ ಕಾರಣ ಇದೇ. ಗ್ನೋಮ್‌ನ ಆ ಪರದೆ ಹೆಸರು ತೋರಿಸುವಾಗ ನೋಡುವುದು ಎಚ್‌ಟಿಟಿಪಿ ಒಂದನ್ನೇ.

ಖಾತ್ರಿ ಮಾಡಿಕೊಳ್ಳಲು ಟರ್ಮಿನಲ್‌ನಲ್ಲಿ ಇದನ್ನು ಹೊಡೆಯಿರಿ:

ಜಿಐಒ ಮೈಮ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್

ಮೊದಲ ಸಾಲಿನಲ್ಲೇ ಡೀಫಾಲ್ಟ್ ಯಾವುದು ಅಂತ ಬರುತ್ತದೆ. (ಈ ವೇದಿಕೆಯಲ್ಲಿ ಪೂರ್ತಿ ಕನ್ನಡ ಲಿಪಿ ಅನ್ನುವ ನಿಯಮ, ಅದಕ್ಕೇ ಹೀಗೆ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ಸಣ್ಣಕ್ಷರದಲ್ಲಿ ಟೈಪ್ ಮಾಡಿ.)

ಗದಗಿನ_ಗೆಳೆಯ
ಕಮಾಂಡ್‌ಗಾದರೂ ಈ ನಿಯಮ ಸಡಿಲ ಮಾಡಿ ಅಂತ ಎಷ್ಟು ಸಲ ಕೇಳುವುದು? ಹೋದ ತಿಂಗಳು ನಮ್ಮ ಮಾವ ಇಲ್ಲಿಂದಲೇ ಒಂದು ಕಮಾಂಡ್ ಕಾಪಿ ಮಾಡಿ ಹಾಗೇ ಟರ್ಮಿನಲ್‌ಗೆ ಅಂಟಿಸಿದರು. ಕಮಾಂಡ್ ನಾಟ್ ಫೌಂಡ್ ಅಂತು. "ಕಂಪ್ಯೂಟರಿಗೆ ಕನ್ನಡ ಬರಲ್ವಂತೆ" ಅಂತ ನನಗೆ ಫೋನ್ ಮಾಡಿದರು.

ಪೆಂಗ್ವಿನ್_ಪಾಪಣ್ಣ
ಮಾವನವರ ಮಾತು ಸರಿಯಾಗೇ ಇದೆ.

ಹಳೇ_ಹುಲಿ
ನಿಯಮ ಇರಲಿ ಬಿಡಿ. ಕೈಯಿಂದ ಟೈಪ್ ಮಾಡಿದರೆ ಏನು ಮಾಡುತ್ತಿದ್ದೇವೆ ಅಂತ ಗಮನವಾದರೂ ಇರುತ್ತದೆ. ಕಂಡಿದ್ದನ್ನೆಲ್ಲ ಟರ್ಮಿನಲ್‌ಗೆ ಅಂಟಿಸುವ ಚಾಳಿ ಒಳ್ಳೆಯದಲ್ಲ.

ಸಾಗರದ_ಸುಮಾ
ಬಿಟ್ಟು ಅವರೇ, ನೀವು ಹೇಳಿದ ಹಾಗೇ ಇದೆ. ಡೀಫಾಲ್ಟ್ ಗೂಗಲ್-ಕ್ರೋಮ್.ಡೆಸ್ಕ್‌ಟಾಪ್ ಅಂತ ಬಂತು. ಆ ಮೈಮ್‌ಆಪ್ಸ್ ಫೈಲನ್ನೂ ತೆರೆದು ನೋಡಿದೆ. ಇದು ಸಿಕ್ಕಿತು:

[ಡೀಫಾಲ್ಟ್ ಅಪ್ಲಿಕೇಶನ್ಸ್]
ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿ=ಫೈರ್‌ಫಾಕ್ಸ್_ಫೈರ್‌ಫಾಕ್ಸ್.ಡೆಸ್ಕ್‌ಟಾಪ್
ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್=ಗೂಗಲ್-ಕ್ರೋಮ್.ಡೆಸ್ಕ್‌ಟಾಪ್

ಈಗ ನೆನಪಾಯಿತು. ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. ಚಿಕ್ಕಪ್ಪನ ಮೀಟಿಂಗ್ ಲಿಂಕ್ ನೇರವಾಗಿ ಕ್ರೋಮ್‌ನಲ್ಲಿ ತೆರೆಯಬೇಕು ಅಂತ ಏನೋ ಕಪ್ಪು ಪರದೆಯಲ್ಲಿ ಹೊಡೆದು, "ಚಿಕ್ಕಮ್ಮಾ, ಸರಿಯಾಯ್ತು" ಅಂದಿದ್ದ. ಸರಿಯಾಗಿದ್ದು ಇದು!

ಆದರೆ ಈಗ ಅದೇ ಕಮಾಂಡ್‌ನ ಕೊನೆಗೆ ಫೈರ್‌ಫಾಕ್ಸ್.ಡೆಸ್ಕ್‌ಟಾಪ್ ಅಂತ ಕೊಟ್ಟರೆ ಅಂಥ ಹ್ಯಾಂಡ್ಲರ್ (ತೆರೆಯುವ ಪ್ರೋಗ್ರಾಂ) ಸಿಗಲಿಲ್ಲ ಅನ್ನುವ ಅರ್ಥದ ತಪ್ಪು ತೋರಿಸುತ್ತಿದೆ. ಇಂಟರ್‌ನೆಟ್‌ನಲ್ಲಿ ಎಲ್ಲ ಕಡೆ ಅದೇ ಹೆಸರು ಕೊಟ್ಟಿದ್ದಾರಲ್ಲ?

ಕಾಫಿತೋಟ
ಉತ್ತರ ನಿಮ್ಮ ಫೈಲ್‌ನ ಮೊದಲ ಸಾಲಿನಲ್ಲೇ ಇದೆ ನೋಡಿ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ. ಸ್ನ್ಯಾಪ್ ಹೆಸರಿಡುವಾಗ ಮೊದಲು ಪ್ಯಾಕೇಜ್ ಹೆಸರು, ಅಂಡರ್‌ಸ್ಕೋರ್, ಆಮೇಲೆ ಪ್ರೋಗ್ರಾಂ ಹೆಸರು. ಹಾಗಾಗಿ ಎರಡೆರಡು ಸಲ ಫೈರ್‌ಫಾಕ್ಸ್. ಅದೇ ಫ್ಲ್ಯಾಟ್‌ಪ್ಯಾಕ್ ಎಂಬ ಇನ್ನೊಂದು ರೂಪ ಹಾಕಿಕೊಂಡವರಿಗೆ ಅದು ಆರ್ಗ್.ಮೊಜಿಲ್ಲಾ.ಫೈರ್‌ಫಾಕ್ಸ್.ಡೆಸ್ಕ್‌ಟಾಪ್. ಮೊದಲಿನ ಹಾಗೆ ಡೆಬ್ ಪ್ಯಾಕೇಜ್ ಇದ್ದವರಿಗೆ ಬರೀ ಫೈರ್‌ಫಾಕ್ಸ್.ಡೆಸ್ಕ್‌ಟಾಪ್. ಒಂದೇ ಬ್ರೌಸರ್, ಮೂರು ಹೆಸರು. ಬೇರೆಯವರ ಉತ್ತರ ಕಾಪಿ ಮಾಡಿ ಸೋಲುವವರಲ್ಲಿ ಸುಮಾರು ಜನ ಸೋಲುವುದು ಇಲ್ಲೇ.

ಜಿಐಒ ಮೈಮ್ ಕಮಾಂಡ್ ಡೀಫಾಲ್ಟ್ ಕೆಳಗೆ ಒಂದು ಪಟ್ಟಿ ಕೊಟ್ಟಿರುತ್ತದೆ, ನೋಂದಣಿಯಾದ ಪ್ರೋಗ್ರಾಂಗಳದ್ದು. ಅಲ್ಲಿ ಹೆಸರು ಹೇಗಿದೆಯೋ ಹಾಗೇ ಎತ್ತಿಕೊಳ್ಳಿ. ನಿಮಗೆ ಬೇಕಾಗಿದ್ದು:

ಜಿಐಒ ಮೈಮ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್ ಫೈರ್‌ಫಾಕ್ಸ್_ಫೈರ್‌ಫಾಕ್ಸ್.ಡೆಸ್ಕ್‌ಟಾಪ್

ಸುಡೋ ಬೇಡ. ಸುಡೋ ಹಾಕಿದರೆ ಬದಲಾಗುವುದು ರೂಟ್ (ಯಂತ್ರದ ಯಜಮಾನ) ಖಾತೆಯ ಬ್ರೌಸರ್, ನಿಮ್ಮದಲ್ಲ.

ಸಾಗರದ_ಸುಮಾ
ಆಯಿತು!!! ಮೂರು ಲಿಂಕ್ ಒತ್ತಿದೆ, ಮೂರೂ ಫೈರ್‌ಫಾಕ್ಸ್‌ನಲ್ಲಿ. ಥಂಡರ್‌ಬರ್ಡ್ ಮುಚ್ಚಿ ತೆರೆಯುವ ಕೆಲಸವೂ ಬೀಳಲಿಲ್ಲ. ಬಿಟ್ಟು ಅವರಿಗೂ ಕಾಫಿತೋಟದವರಿಗೂ ದೊಡ್ಡ ಥ್ಯಾಂಕ್ಸ್. ಸಾಗರ ಕಡೆ ಬಂದರೆ ತೊಡೆದೇವು ನನ್ನ ಕಡೆಯಿಂದ.

ಗದಗಿನ_ಗೆಳೆಯ
ಒಂದು ಮಾತು. ಟರ್ಮಿನಲ್ ಇಲ್ಲದೆಯೂ ಆಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ವೆಬ್ ಎದುರು ಒಮ್ಮೆ ಕ್ರೋಮ್ ಆರಿಸಿ, ಮತ್ತೆ ಫೈರ್‌ಫಾಕ್ಸ್ ಆರಿಸಿದರೆ ಸಾಕು. ತೋರಿಸುವಾಗ ಎಚ್‌ಟಿಟಿಪಿ ಮಾತ್ರ ನೋಡಿದರೂ, ಬದಲಾಯಿಸುವಾಗ ಎಚ್‌ಟಿಟಿಪಿಎಸ್ ಕೂಡ ಸೇರಿಸಿಯೇ ಬರೆಯುತ್ತದೆ.

ಬಿಟ್ಟು_ಬೈಟು
ಗುರುವೇ, ಇದನ್ನು ಮೊದಲೇ ಹೇಳಬಾರದಿತ್ತಾ?

ಗದಗಿನ_ಗೆಳೆಯ
ಮಾವನ ಕಥೆ ಹೇಳುವುದರಲ್ಲಿ ಮರೆತೆ.

ರಾತ್ರಿಪಾಳಿ
ನನ್ನದೂ ಇದೇ ಗೋಳು, ಆದರೆ ಇನ್ನೊಂದು ಥರ. ಲಿನಕ್ಸ್ ಮಿಂಟ್ ಬಳಸುತ್ತೇನೆ. ಮೇಲೆ ಹೇಳಿದ ಜಿಐಒ ಮೈಮ್ ಕಮಾಂಡನ್ನು ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡಕ್ಕೂ ಹೊಡೆದು ನೋಡಿದೆ, ಎರಡಕ್ಕೂ ಫೈರ್‌ಫಾಕ್ಸ್ ಅಂತಲೇ ಬರುತ್ತದೆ. ಟರ್ಮಿನಲ್‌ನಿಂದ ಎಕ್ಸ್‌ಡಿಜಿ-ಓಪನ್ ಕಮಾಂಡ್‌ನಲ್ಲಿ ಲಿಂಕ್ ತೆರೆದರೂ ಫೈರ್‌ಫಾಕ್ಸ್. ಥಂಡರ್‌ಬರ್ಡ್‌ನಿಂದ ಒತ್ತಿದರೆ ಮಾತ್ರ ಕ್ರೋಮಿಯಂ!

ಕಾಫಿತೋಟ
ಹಾಗಿದ್ದರೆ ಸಿಸ್ಟಂ ಸರಿಯಾಗಿದೆ, ಥಂಡರ್‌ಬರ್ಡ್ ತಾನೇ ಏನೋ ನೆನಪಿಟ್ಟುಕೊಂಡಿದೆ. ಯಾವತ್ತೋ ಒಂದು ಪೆಟ್ಟಿಗೆ ಎದ್ದು "ಯಾವುದರಲ್ಲಿ ತೆರೆಯಲಿ" ಅಂತ ಕೇಳಿರುತ್ತದೆ, ನೀವು ಕ್ರೋಮಿಯಂ ಆರಿಸಿ ಕೆಳಗಿನ ಟಿಕ್ ಹಾಕಿರುತ್ತೀರಿ. ಥಂಡರ್‌ಬರ್ಡ್ ಸೆಟ್ಟಿಂಗ್ಸ್, ಜನರಲ್, ಫೈಲ್ಸ್ ಅಂಡ್ ಅಟ್ಯಾಚ್‌ಮೆಂಟ್ಸ್‌ಗೆ ಹೋಗಿ. ಪಟ್ಟಿಯಲ್ಲಿ ಪಿಡಿಎಫ್ ಇತ್ಯಾದಿ ನಡುವೆ ಎಚ್‌ಟಿಟಿಪಿಎಸ್ ಅಂತ ಸಾಲು ಕಂಡರೆ ಅದೇ ನಿಮ್ಮ ತಂಟೆ. ಬಲಗಡೆ ಫೈರ್‌ಫಾಕ್ಸ್ ಆರಿಸಿ. ಪ್ರೊಫೈಲ್ ಫೋಲ್ಡರ್‌ನ ಹ್ಯಾಂಡ್ಲರ್ಸ್.ಜೇಸನ್ ಫೈಲ್‌ನಲ್ಲಿ ಇದು ಕೂತಿರುತ್ತದೆ, ಆದರೆ ಅಲ್ಲಿಗೆ ಕೈ ಹಾಕುವ ಅಗತ್ಯ ಇಲ್ಲ.

ಸುಮಾ ಅವರಿಗೆ ಈ ಸಾಲು ಕಾಣದಿದ್ದದ್ದು ಸಹಜ. ಒಮ್ಮೆಯೂ ಹಾಗೆ ಕೇಳದಿದ್ದರೆ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ರಾತ್ರಿಪಾಳಿ
ಇತ್ತು! ಬದಲಾಯಿಸಿದೆ. ಟಿಕ್ ಹಾಕಿದ್ದು ಮಾತ್ರ ನೆನಪಿಲ್ಲ. ಪಾಳಿ ಮುಗಿಸಿ ಬೆಳಗಿನ ಜಾವ ಮೇಲ್ ನೋಡುವವನ ಕಥೆ ಇಷ್ಟೇ.

ಹೆಡ್‌ಮೇಷ್ಟ್ರು
ನಾನು ಹೇಳುವುದು ಸ್ವಲ್ಪ ಬೇರೆ. ಮೇಲ್‌ನಲ್ಲಿ ಬಂದ ಲಿಂಕನ್ನು ಒತ್ತುವುದೇ ಯಾಕೆ? ಹೋದ ವರ್ಷ ನಮ್ಮ ನಿವೃತ್ತ ಶಿಕ್ಷಕರೊಬ್ಬರಿಗೆ ಕೆವೈಸಿ ಅಂತ ಬ್ಯಾಂಕಿನ ಹೆಸರಿನಲ್ಲಿ ಮೇಲ್ ಬಂತು. ಒತ್ತಿದರು. ಪುಟ ಥೇಟ್ ಬ್ಯಾಂಕಿನದೇ. ಒಟಿಪಿ ಹಾಕುವ ಹೊತ್ತಿಗೆ ಮಗಳು ಬಂದು ತಡೆದಿದ್ದಕ್ಕೆ ಉಳಿದರು.

ಬಿಟ್ಟು_ಬೈಟು
ಮೇಷ್ಟ್ರೇ, ಒತ್ತಲೇಬೇಡಿ ಅಂದರೆ ಆಗುವ ಮಾತಲ್ಲ. ಟಿಕೆಟ್, ಪಾಸ್‌ವರ್ಡ್ ರೀಸೆಟ್, ಆಫೀಸ್ ಕೆಲಸ ಎಲ್ಲ ಲಿಂಕೇ. ಅದಕ್ಕೇ ಮೌಸ್ ಇಟ್ಟು ಕೆಳಗೆ ವಿಳಾಸ ನೋಡುವ ಅಭ್ಯಾಸ ಮಾಡಿಕೊಳ್ಳಿ ಅಂತ ನಾನು ಹೇಳುವುದು. ಮೇಲೆ ಏನು ಬರೆದಿದ್ದಾರೆ ಅನ್ನುವುದಕ್ಕೆ ಕಿಮ್ಮತ್ತಿಲ್ಲ. ಇನ್ನು ಬ್ಯಾಂಕ್ ವಿಷಯಕ್ಕೆ ಬಂದರೆ, ನಮ್ಮ ಬ್ಯಾಂಕುಗಳೆಲ್ಲ .ಬ್ಯಾಂಕ್.ಇನ್ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಕೊನೆ ಇಲ್ಲದ ಬ್ಯಾಂಕ್ ಲಿಂಕ್ ಕಂಡರೆ ನಾನು ಮುಟ್ಟುವುದಿಲ್ಲ.

ಕಾಫಿತೋಟ
ಮೇಷ್ಟ್ರ ಮಾತಿಗೆ ಒಂದು ಉಪಾಯ ಇದೆ. ಥಂಡರ್‌ಬರ್ಡ್‌ನ ಜನರಲ್ ಸೆಟ್ಟಿಂಗ್ಸ್‌ನ ತೀರಾ ಕೆಳಗೆ ಕಾನ್ಫಿಗ್ ಎಡಿಟರ್ ಬಟನ್ ಇದೆ. ಅದರಲ್ಲಿ ನೆಟ್‌ವರ್ಕ್.ಪ್ರೋಟೋಕಾಲ್-ಹ್ಯಾಂಡ್ಲರ್.ವಾರ್ನ್-ಎಕ್ಸ್‌ಟರ್ನಲ್.ಎಚ್‌ಟಿಟಿಪಿಎಸ್ ಹುಡುಕಿ, ಟ್ರೂ ಮಾಡಿ. ಎಚ್‌ಟಿಟಿಪಿಗೂ ಅದೇ ಥರದ್ದೊಂದಿದೆ. ಆಮೇಲೆ ಲಿಂಕ್ ಒತ್ತಿದಾಗ ನೇರ ತೆರೆಯದೆ ಮೊದಲು ಕೇಳುತ್ತದೆ. ಟಿಕ್ ಮಾತ್ರ ಹಾಕಬೇಡಿ, ರಾತ್ರಿಪಾಳಿಯವರ ಹಾಗಾಗುತ್ತದೆ. ನಮ್ಮ ಅಮ್ಮನ ಕಂಪ್ಯೂಟರಿನಲ್ಲಿ ಹೀಗೇ ಇಟ್ಟಿದ್ದೇನೆ. ಆ ಪೆಟ್ಟಿಗೆ ಬಂದ ಕೂಡಲೇ ಅವರು ನನ್ನನ್ನು ಕೂಗುತ್ತಾರೆ.

ಬೆಂಗ್ಳೂರ್_ಬಸ್_ಪಾಸ್
ಬ್ರೌಸರ್ ಸರಿ ಇದ್ದು ಪ್ರೊಫೈಲ್ ತಪ್ಪಿದರೆ? ಕ್ರೋಮ್‌ನಲ್ಲಿ ನನಗೆ ಮನೆಯದು, ಆಫೀಸಿನದು ಅಂತ ಎರಡು ಪ್ರೊಫೈಲ್. ಆಫೀಸ್ ಮೇಲ್‌ನ ಲಿಂಕ್ ಮನೆ ಪ್ರೊಫೈಲ್‌ನಲ್ಲಿ ತೆರೆದು ಅನುಮತಿ ಇಲ್ಲ ಅನ್ನುತ್ತದೆ.

ಬಿಟ್ಟು_ಬೈಟು
ಇದಕ್ಕೆ ಸ್ವಂತ ಡೆಸ್ಕ್‌ಟಾಪ್ ಫೈಲ್ ಬರೆದುಕೊಳ್ಳಬೇಕು. ನಾನು ಮಾಡಿದ್ದು ಹೀಗೆ. ಮನೆ ಫೋಲ್ಡರ್‌ನ .ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಕ್ರೋಮ್-ಆಫೀಸ್.ಡೆಸ್ಕ್‌ಟಾಪ್ ಅಂತ ಒಂದು ಫೈಲ್. ಮೂಲ ಕ್ರೋಮ್ ಫೈಲನ್ನೇ ನಕಲು ಮಾಡಿ ಹೆಸರು ಬದಲಾಯಿಸಿ, ಎಕ್ಸೆಕ್ ಸಾಲನ್ನು ಮಾತ್ರ ಹೀಗೆ ತಿದ್ದಿದೆ:

ಎಕ್ಸೆಕ್=ಗೂಗಲ್-ಕ್ರೋಮ್-ಸ್ಟೇಬಲ್ --ಪ್ರೊಫೈಲ್-ಡೈರೆಕ್ಟರಿ="ಪ್ರೊಫೈಲ್ 1" %ಯು

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಪ್ರೊಫೈಲ್ ಹೆಸರು. ಪರದೆಯಲ್ಲಿ ಆಫೀಸ್ ಅಂತ ಕಂಡರೂ ಡಿಸ್ಕ್‌ನಲ್ಲಿ ಫೋಲ್ಡರ್ ಹೆಸರು ಪ್ರೊಫೈಲ್ 1, ಪ್ರೊಫೈಲ್ 2 ಅಂತಿರುತ್ತದೆ. ಆ ಪ್ರೊಫೈಲ್‌ನಲ್ಲಿ ಕ್ರೋಮ್://ವರ್ಷನ್ ಅಂತ ವಿಳಾಸದ ಪಟ್ಟಿಯಲ್ಲಿ ಹೊಡೆದರೆ ಪ್ರೊಫೈಲ್ ಪಾತ್ ಎದುರು ನಿಜವಾದ ಹೆಸರು ಸಿಗುತ್ತದೆ. ಎರಡನೆಯದು ಕೊನೆಯ ಆ %ಯು. ಲಿಂಕ್ ಬಂದು ಕೂರುವ ಜಾಗ ಅದು. ನಾನು ಮೊದಲ ಸಲ ಅದನ್ನು ಬಿಟ್ಟಿದ್ದೆ. ಒತ್ತಿದಾಗೆಲ್ಲ ಹೊಸ ಖಾಲಿ ಕಿಟಕಿ ಬರುತ್ತಿತ್ತು, ಲಿಂಕ್ ಮಾತ್ರ ಬರುತ್ತಿರಲಿಲ್ಲ. ಒಂದು ಸಂಜೆ ಪೂರ್ತಿ ನೆಟ್‌ವರ್ಕ್ ಹಾಳಾಗಿದೆ ಅಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡಿದೆ.

ಆಮೇಲೆ ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್ ಕಮಾಂಡ್ ಆ ಫೋಲ್ಡರ್ ಮೇಲೆ ಓಡಿಸಿ, ಜಿಐಒ ಮೈಮ್‌ನಿಂದ ಅದನ್ನೇ ಡೀಫಾಲ್ಟ್ ಮಾಡಿ. ಆದರೆ ಗಮನಿಸಿ, ಆಗ ಎಲ್ಲ ಲಿಂಕೂ ಆಫೀಸ್ ಪ್ರೊಫೈಲ್‌ಗೇ ಹೋಗುತ್ತವೆ. ಮನೆ ಮೇಲ್ ಇನ್ನೊಂದು ಪ್ರೋಗ್ರಾಂನಲ್ಲಿ ನೋಡಿದರೂ ಅಷ್ಟೇ.

ಬೆಂಗ್ಳೂರ್_ಬಸ್_ಪಾಸ್
ಪರವಾಗಿಲ್ಲ, ಮನೆ ಮೇಲ್ ಫೋನಿನಲ್ಲೇ ನೋಡುವುದು. ರಾತ್ರಿ ಮಾಡಿ ನೋಡುತ್ತೇನೆ.

ಗದಗಿನ_ಗೆಳೆಯ
ಕೆಡಿಇ ಬಳಸುವವರು ಇಷ್ಟೆಲ್ಲ ಓದಬೇಕಿಲ್ಲ. ಸಿಸ್ಟಂ ಸೆಟ್ಟಿಂಗ್ಸ್, ಡೀಫಾಲ್ಟ್ ಅಪ್ಲಿಕೇಶನ್ಸ್, ವೆಬ್ ಬ್ರೌಸರ್.

ಹಳೇ_ಹುಲಿ
ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಜಿಐಒ, ಹ್ಯಾಂಡ್ಲರ್... ನಮ್ಮ ಕಾಲದಲ್ಲಿ ಮಟ್‌ನಲ್ಲಿ ಕಂಟ್ರೋಲ್ ಬಿ ಒತ್ತಿದರೆ ಯುಆರ್‌ಎಲ್‌ವ್ಯೂ ಲಿಂಕುಗಳ ಪಟ್ಟಿ ಕೊಡುತ್ತಿತ್ತು. ಬಾಣದ ಗುರುತು, ಎಂಟರ್. ಈಗಲೂ ಅದೇ ನಡೆಯುತ್ತಿದೆ. ಪೂರ್ತಿ ವಿಳಾಸ ಕಣ್ಣೆದುರೇ ಇರುವುದರಿಂದ ಮೇಷ್ಟ್ರ ಚಿಂತೆಯೂ ಇಲ್ಲ.

ರಾತ್ರಿಪಾಳಿ
ಸಾರ್, ಮಟ್‌ನಲ್ಲಿ ಮದುವೆ ಕರೆಯೋಲೆ ಫೋಟೋ ಹೇಗೆ ನೋಡುತ್ತೀರಿ?

ಹಳೇ_ಹುಲಿ
ಫೋಟೋ ನೋಡುವುದಿಲ್ಲ. ದಿನಾಂಕ ಕೇಳಿ ಊಟಕ್ಕೆ ಹೋಗುತ್ತೇನೆ.

ಮೈಸೂರು_ಮಲ್ಲಿಗೆ88
ಒಂದು ಪ್ರಶ್ನೆ. ನಾನು 24.04ಕ್ಕೆ ಏರುವ ಯೋಚನೆಯಲ್ಲಿದ್ದೇನೆ. ಅಲ್ಲಿ ಥಂಡರ್‌ಬರ್ಡ್ ಕೂಡ ಸ್ನ್ಯಾಪ್ ಅಂತಲ್ಲ, ಆಗಲೂ ಇದೇ ಉಪಾಯ ನಡೆಯುತ್ತದಾ?

ಕಾಫಿತೋಟ
ನಡೆಯುತ್ತದೆ. ಸ್ನ್ಯಾಪ್ ಒಳಗಿರುವ ಥಂಡರ್‌ಬರ್ಡ್ ತಾನೇ ಬ್ರೌಸರ್ ಎಬ್ಬಿಸುವ ಹಾಗಿಲ್ಲ. ಲಿಂಕನ್ನು ಹೊರಗಡೆಗೆ ದಾಟಿಸುತ್ತದೆ, ಹೊರಗೆ ಯಾವುದು ಡೀಫಾಲ್ಟ್ ಇದೆಯೋ ಅದು ಏಳುತ್ತದೆ. ಹಾಗಾಗಿ ಸರಿ ಮಾಡಬೇಕಾದ್ದು ಅದೇ ಮೈಮ್‌ಆಪ್ಸ್ ಸಾಲು. ಮಲ್ಲಿಗೆಯವರೇ, ಏರುವ ಮೊದಲು ಬ್ಯಾಶ್‌ಆರ್‌ಸಿಯ ಆ ಸಾಲು ತೆಗೆದುಬಿಡಿ.

ಮೈಸೂರು_ಮಲ್ಲಿಗೆ88
ನಿನ್ನೆಯೇ ತೆಗೆದೆ.

ಸಾಗರದ_ಸುಮಾ
ಮತ್ತೆ ಬಂದೆ. ಅಕ್ಕನ ಮಗನಿಗೆ ಫೋನ್ ಮಾಡಿ ಬೈದೆ. "ಚಿಕ್ಕಮ್ಮಾ, ಮೀಟಿಂಗ್ ಲಿಂಕ್ ಎಲ್ಲ ಎಚ್‌ಟಿಟಿಪಿಎಸ್ಸೇ, ಅದಕ್ಕೇ ಅದೊಂದನ್ನೇ ಬದಲಾಯಿಸಿದ್ದೆ, ಉಳಿದದ್ದು ಕೆಡಿಸಲಿಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಾನೆ. ಈಗ ಇನ್ನೊಂದು ತಕರಾರು ಶುರುವಾಗಿದೆ. ಮೀಟಿಂಗ್ ಲಿಂಕ್ ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತಿದೆ ಅಂತ ನಮ್ಮನೆಯವರು ಮುಖ ಊದಿಸಿಕೊಂಡಿದ್ದಾರೆ.

ಬಿಟ್ಟು_ಬೈಟು
ಅವರಿಗೆ ಉಬುಂಟುವಿನಲ್ಲಿ ಬೇರೆ ಯೂಸರ್ ಖಾತೆ ಮಾಡಿಕೊಡಿ. ಮೈಮ್‌ಆಪ್ಸ್ ಫೈಲ್ ಒಬ್ಬೊಬ್ಬರಿಗೆ ಒಂದೊಂದು. ಅವರದರಲ್ಲಿ ಕ್ರೋಮ್, ನಿಮ್ಮದರಲ್ಲಿ ಫೈರ್‌ಫಾಕ್ಸ್.

ಪೆಂಗ್ವಿನ್_ಪಾಪಣ್ಣ
ನಾನು ಮೊದಲೇ ಹೇಳಿದೆ, ಕ್ರೋಮ್ ತೆಗೆಯಿರಿ ಅಂತ.

ಕಾಫಿತೋಟ
ಪಾಪಣ್ಣ ಹೇಳಿದ್ದು ತಾಂತ್ರಿಕವಾಗಿ ಸರಿಯೇ. ಫೈಲ್‌ನಲ್ಲಿ ಹೆಸರಿರುವ ಪ್ರೋಗ್ರಾಂ ಇಲ್ಲವೇ ಇಲ್ಲ ಅಂದರೆ ಜಿಐಒ ಆ ಸಾಲು ಬಿಟ್ಟು ಇರುವ ಇನ್ನೊಂದು ಬ್ರೌಸರ್ ಹಿಡಿಯುತ್ತದೆ.

ಸಾಗರದ_ಸುಮಾ
ಸರಿ ಪಾಪಣ್ಣಾ, ನಮ್ಮನೆಯವರ ನಂಬರ್ ಕೊಡುತ್ತೇನೆ. ನೀವೇ ಹೇಳಿ.